ಐದನೇ ಜೇಬು

ಜೀನ್ಸಿಗೆ ಐದು ಜೇಬು.
ಐದನೆಯದು ಬಲಜೇಬಿನ ಬಾಯೊಳಗಿನ ಮರಿಜೇಬು.
ಎರಡು ಬೆರಳು ಹೋದರೆ ಮೂರನೆಯದಕ್ಕೆ ಜಾಗವಿಲ್ಲ.
ಯಾತಕ್ಕಿದು ಎಂದು
ಇಪ್ಪತ್ತೇಳು ವರ್ಷ ಹೊಲಿದ ನನಗೂ ಗೊತ್ತಿರಲಿಲ್ಲ.

ಹೋದ ಶುಕ್ರವಾರ, ರಿಜೆಕ್ಟಾದ ಪೀಸೊಂದರಿಂದ
ಅದನ್ನು ಬಿಚ್ಚಿ
ನನ್ನ ಲಂಗದ ನಡುಪಟ್ಟಿಗೆ ಡಬಲ್ ಹೊಲಿಗೆ ಹಾಕಿಕೊಂಡೆ.
ಅದರಲ್ಲೀಗ ಕಾರಿನ ಕೀಲಿ.
ನಡೆದರೆ ಸೊಂಟಕ್ಕೆ ತಾಗುತ್ತದೆ
ಕೂತರೆ ಚುಚ್ಚುತ್ತದೆ
ಚುಚ್ಚಲಿ.

ಸಣ್ಣ ಗಾಡಿ. ಕೌಲ್ ಬಜಾರಿನ ನಮ್ಮ ಓಣಿಯ ತಿರುವಿನಲ್ಲಿ
ಕರೀಮಾಬೀ ಒಣಹಾಕಿದ ಸಂಡಿಗೆ ತುಳಿಯದೆ ಹೊರಳುವಷ್ಟು ಸಣ್ಣದು.
ಆದರೆ ನಾಲ್ಕೂ ಗಾಲಿ ದುಡಿಯುತ್ತವೆ.
"ಎರಡು ಸಾಲಂಗಿಲ್ಲೇನು?" ಅಂದ ವಿಠೋಬ,
ರೇಟಿನ ಕಾಗದ ನೋಡಿ.
ಸಾಲದು.
ಎರಡು ಎಳೆದು ಇನ್ನೆರಡು ಸುಮ್ಮನೆ ಹಿಂದೆ ಉರುಳುವುದು
ಹೇಗಿರುತ್ತದೆಂದು ನನಗೆ ಮನೆಯಲ್ಲೇ ಗೊತ್ತು.
ಅವನು ನಕ್ಕ. ಚೆಕ್ಕಿಗೆ ಸಹಿ ನನ್ನದು:
ಸೋನಾಬಾಯಿ ವಿಠೋಬ ಮುಳೆ.

"ಬಿಳೀದ ತಗೊಳ್ರಿ ಅಕ್ಕಾ, ಬಳ್ಳಾರಿ ಬಿಸಲಿಗೆ" ಅಂದ ಶೋರೂಮಿನ ಹುಡುಗ.
ನಾನು ನೀಲಿ ಹಿಡಿದೆ,
ವಾಶಿಂಗಿಗೆ ಹೋಗುವ ಮೊದಲಿನ ಬಟ್ಟೆಯ ಕೋರಾ ನೀಲಿ.
ಮುಟ್ಟಿದರೆ ಕೈಗೆ ಹತ್ತೀತು ಅನ್ನಿಸುವಂಥದು.

ಯೂನಿಟ್ಟಿಗೆ ನಡೆದರೆ ಆರು ನಿಮಿಷ.
ಕಾರಿನಲ್ಲಿ ಮುಕ್ಕಾಲು ತಾಸು,
ಮೋತಿ ಸರ್ಕಲ್ಲು, ಕೋಟೆಗುಡ್ಡದ ಸುತ್ತು, ಮತ್ತೆ ಮೋತಿ ಸರ್ಕಲ್ಲು.
ಎಡಗಡೆ ಸೀಟಿನಲ್ಲಿ ವಿಠೋಬ
ಇಲ್ಲದ ಬ್ರೇಕನ್ನು ತುಳಿಯುತ್ತಾನೆ.
ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ, ಬೆವರಿಗೆ ಬೆನ್ನು ಅಂಟಿ
ಇಳಿಯುವಾಗ ಪರ್ ಎಂದು ಹರಿದ ಸದ್ದು.
ಮಿರ್ಚಿಯನ್ನು ಬಾಗಿಲ ಹೊರಗೆ ನಿಂತೇ ತಿನ್ನಬೇಕು. ಕಾನೂನು.

ಗೇರಿನ ಪಕ್ಕದಲ್ಲೊಂದು ಗುಂಡಿ.
ಒತ್ತಿದರೆ ನಾಲ್ಕೂ ಗಾಲಿ ಒಂದಾಗುತ್ತವಂತೆ.
ಊರೊಳಗೆ ಅದಕ್ಕೆ ಕೆಲಸವಿಲ್ಲ.
ಅಂಗೈಯಗಲ ಹೊಲವಿಲ್ಲದ ನಾನು
ಆ ಗುಂಡಿಗೋಸ್ಕರ ಮಳೆ ಕಾದೆ.
ಮುಗಿಲು ಕಪ್ಪಾದಾಗೆಲ್ಲ
ಮೆಷಿನ್ ನಿಲ್ಲಿಸಿ ಬಾಗಿಲಿಗೆ ಬಂದು ನೋಡಿದೆ.
ಕಟಿಂಗ್ ಮಾಸ್ತರ ಎರ್ರಿಸ್ವಾಮಿ ಕೇಳಿದ,
"ಅಕ್ಕಾ, ಏನರ ಬಿತ್ತೀರೇನು?"

ಶನಿವಾರ ರಾತ್ರಿ ಬಂತು.
ಭಾನುವಾರ ಕಪ್ಪಗಲ್ಲಿನ ಕಡೆ,
ಗುಡ್ಡದ ಬುಡದ ಎರೆಹೊಲಗಳ ನಡುವಿನ ಬಂಡಿದಾರಿ.
ಎರೆ ಅಂದರೆ ಎರೆ. ಒಂದು ಹೆಜ್ಜೆಗೆ ಒಂದು ಸೇರು ಮಣ್ಣು,
ಚಪ್ಪಲಿಯನ್ನು ಬಡ್ಡಿಗೆ ಹಿಡಿದುಕೊಂಡು ಬಿಡುವ ನೆಲ.
ಅಲ್ಲೇ ಒಂದು ಟ್ರ್ಯಾಕ್ಟರು, ಮೇಲೊಬ್ಬ ಗಾದಿಲಿಂಗಪ್ಪ,
ತೊಡೆಯ ಮೇಲೆ ಹಗ್ಗದ ಸಿಂಬಿ.
ಹುಗಿದ ಗಾಡಿ ಎಳೆದರೆ ಐನೂರು.
ನಮ್ಮನ್ನು ನೋಡಿ ಬೀಡಿ ಆರಿಸಿದ.

ಹುಗಿಯಿತು.
ಮುಂದಿನ ಗಾಲಿಗಳು ಗಿರಗಿರ ತಿರುಗಿ ಗಾಜಿಗೆಲ್ಲ ಕೆಸರು.
ವಿಠೋಬ ಪಾಂಡುರಂಗನನ್ನು ಕರೆದ.
ಗಾದಿಲಿಂಗಪ್ಪ ಹಗ್ಗ ಬಿಚ್ಚುತ್ತಾ ಇಳಿದ.
ನಾನು ಗುಂಡಿ ಒತ್ತಿದೆ.

ಹಿಂದಿನಿಂದ ಯಾರೋ ಹೆಗಲು ಕೊಟ್ಟರು.
ಬೇರೆ ಹೇಗೆ ಹೇಳಲಿ.
ದಪ್ಪ ಬಟ್ಟೆಯ ಎಂಟು ಮಡಿಕೆ ಸೇರುವಲ್ಲಿ
ಸೂಜಿ ಒಂದು ಕ್ಷಣ ತಡೆದು, ಆಮೇಲೆ ಇಳಿಯುತ್ತದಲ್ಲ,
ಹಾಗೆ. ಕಾರು ಮೆಲ್ಲಗೆ, ನಿಧಾನಕ್ಕೆ,
ತಾನಾಗಿ ಎದ್ದು ಬಂತು.

ಗಾದಿಲಿಂಗಪ್ಪ ಹಗ್ಗ ಸುತ್ತಿಟ್ಟುಕೊಂಡ.
"ಇಂಥಾವು ಬಂದ್ರ ನಮ್ಮ ಗತಿ ಏನಬೇ?"
ಅವನಿಗೆ ನಾಲ್ಕು ಮಿರ್ಚಿ ಕೊಟ್ಟೆ, ಆರಿದ್ದವು.

ಹಿಂದಕ್ಕೆ ಹೊರಳುವಾಗ ಬದುವಿನ ಬಳ್ಳಾರಿ ಜಾಲಿ
ಎಡಬಾಗಿಲಿಗೆ ಗೀರು ಎಳೆಯಿತು. ಮೊಳದುದ್ದ.
ಹನ್ನೊಂದನೇ ದಿನಕ್ಕೆ.
ಇಳಿದು ನೋಡಿದೆವು. ವಿಠೋಬ ಕರ್ಚೀಫಿಗೆ ಉಗುಳು ಹಚ್ಚಿ ತಿಕ್ಕಿದ.
ನಾನು ಬಿಡು ಅಂದೆ.

ಹೊಸ ಪ್ಯಾಂಟನ್ನು ಕಲ್ಲಿನ ಜೊತೆ ತಿರುವಿ,
ಮೊಣಕಾಲಿಗೆ ಉಜ್ಜುಕಾಗದ ಹಿಡಿದು
ಹಳೆಯದು ಮಾಡುವುದೇ ನಮ್ಮ ದಂಧೆ.
ಇಂಥ ಒಂದು ಗೀರಿಗೆ ಪೀಸಿಗೆ ಹನ್ನೆರಡು ರೂಪಾಯಿ
ಬಿಲ್ಲಿನಲ್ಲಿ ಬೇರೆಯೇ ಬರೆಯುತ್ತೇನೆ.

ಆದರೂ ರಾತ್ರಿ ಎಲ್ಲ ಮಲಗಿದ ಮೇಲೆ
ಮೊಬೈಲಿನ ಬೆಳಕು ಹಿಡಿದು ಹೊರಗೆ ಹೋದೆ,
ಬೆರಳಿನಿಂದ ಒಮ್ಮೆ ಸವರಿದೆ.
ಆಮೇಲೆ ಒಳಗೆ ಕೂತು ಪ್ಲಾಸ್ಟಿಕ್ಕೆಲ್ಲ ಕಿತ್ತೆ.