ಪ್ರಶ್ನೆ ನೂರ ನಲವತ್ತೇಳು

ಸುರತ್ಕಲ್ಲಿನ ಏಳಂತಸ್ತಿನ ಆಸ್ಪತ್ರೆಯ
ಇನ್ನೂ ಪ್ಯಾರಾಪೆಟ್ ಏಳದ ತಾರಸಿಗೆ
ದೀಪಾವಳಿಯ ಹೊತ್ತಿಗೆ ಎರಡು ಚಿಲ್ಲರ್ ಬರಬೇಕು.
ಬರುವ ಮೊದಲು ನಾನು ಕೇಳಬೇಕು.
ಕೇಳುವುದೇ ಕೆಲಸ,
ಸಂಬಳ ಅದಕ್ಕೇ.

ಕೇಳುವುದಕ್ಕೂ ಪರದೆಯ ಮೇಲೆ ಚೌಕಗಳು ಉಂಟು:
ವಿಷಯ. ಡ್ರಾಯಿಂಗ್ ಸಂಖ್ಯೆ. ಯಾವ ಮಹಡಿ.
ಖರ್ಚು ಏರೀತೇ: ಹೌದು, ಇಲ್ಲ, ಗೊತ್ತಿಲ್ಲ.
ದಿನ ತಪ್ಪೀತೇ: ಹೌದು, ಇಲ್ಲ, ಗೊತ್ತಿಲ್ಲ.
ಇಷ್ಟು ಧಾರಾಳವಾಗಿ ಗೊತ್ತಿಲ್ಲ ಎನ್ನಲು
ಯಾವ ಶಾಲೆಯೂ ನನ್ನನ್ನು ಬಿಟ್ಟಿರಲಿಲ್ಲ.

ಪತ್ತನಾಜೆಯ ಮರುದಿನ ಬರೆದೆ
ಆರ್‌ಎಫ್‌ಐ ನೂರ ನಲವತ್ತೇಳು:
"ಕಂಡೆನ್ಸರಿನ ಅಲ್ಯೂಮಿನಿಯಂ ರೆಕ್ಕೆಗಳಿಗೆ
ಉಪ್ಪುಗಾಳಿ ತಡೆಯುವ ಲೇಪ ಬೇಕೇ?
ಸ್ಪೆಸಿಫಿಕೇಶನ್ನಿನಲ್ಲಿ ಕಾಣುವುದಿಲ್ಲ.
ಸಮುದ್ರ ಇಲ್ಲಿಂದ ಆರುನೂರು ಮೀಟರ್."

ಆರುನೂರು ಎಂದದ್ದು ನಕ್ಷೆ.
ಲೈಟ್‌ಹೌಸಿನ ಕಡೆಯಿಂದ ಗಾಳಿ ಎದ್ದ ಮಧ್ಯಾಹ್ನ
ಸಮುದ್ರ ನನ್ನ ಕನ್ನಡಕದ ಮೇಲೆಯೇ ಇರುತ್ತದೆ,
ಒರೆಸಿದರೆ ಬಿಳಿ ಗೀರು.

ಹತ್ತು ದಿನ. ಹನ್ನೊಂದು.
ಸಾಲು ಕೆಂಪಾಯಿತು.
ಚೆಂಡು ಯಾರ ಅಂಗಳದಲ್ಲಿ ಎಂದು ತೋರಿಸುವ ಕಾಲಮ್ಮಿನಲ್ಲಿ
ಪುಣೆಯ ಕನ್ಸಲ್ಟೆಂಟರ ಹೆಸರು ಕದಲದೆ ಕೂತಿತ್ತು.
ಹನ್ನೆರಡನೆಯ ದಿನ ಉತ್ತರ:
"ಸೈಟಿನ ಪರಿಸ್ಥಿತಿಗೆ ತಕ್ಕಂತೆ. ಸೈಟಿನಿಂದ ಖಚಿತಪಡಿಸಿಕೊಳ್ಳಿ."

ಸೈಟ್ ಎಂದರೆ ನಾನು.
ನನ್ನನ್ನು ನಾನೇ ಕೇಳಿ ನನಗೆ ತಿಳಿಸಬೇಕು.
ಚೆಂಡು ಉರುಳಿ ಬಂದು ನಿಂತಿತು
ವಿಲಾಸಿನಿ ಸಾಲಿಯಾನ್ ಎಂಬ ಹೆಸರಿನ ಎದುರು.

ಇದಿನಬ್ಬ ಡಕ್ಟ್ ಜೋಡಿಸುವವರು.
ತಗಡು ಕೊಯ್ದ ಗುರುತು ಹತ್ತೂ ಬೆರಳಲ್ಲಿ;
ಹಾಜರಿ ಯಂತ್ರಕ್ಕೆ ಅವರ ಹೆಬ್ಬೆಟ್ಟು ಅರ್ಥವಾಗುವುದಿಲ್ಲ.
ನಾನು ಫೋನಿನಲ್ಲಿ ಬಯ್ಯುವುದನ್ನೆಲ್ಲ
ಏಣಿಯ ಮೇಲಿಂದ ಕೇಳಿಸಿಕೊಂಡರು,
ಏನೂ ಹೇಳಲಿಲ್ಲ.
ಮರುದಿನ ಬುತ್ತಿ ಚೀಲದಿಂದ
ಪೇಪರು ಸುತ್ತಿದ್ದು ಒಂದು ತೆಗೆದು ಕೊಟ್ಟರು:
ಬಿಜಾಗರಿ.
ಮುಕ್ಕದ ಮನೆಯ ಪಡು ಕಿಟಕಿಯದ್ದು.
"ಮೂರೇ ಮಳೆಗಾಲ ಮೇಡಂ. ಸ್ಟೀಲ್ ಅಂತಲೇ ಕೊಟ್ಟದ್ದು.
ಇದನ್ನು ತೋರಿಸಿ ಅವರಿಗೆ."

ಹಳೆ ಖಾರಿಯ ಹಾಗೆ ಪದರ ಪದರ
ಅಂಗೈಯಲ್ಲೇ ಉದುರಿತು.
ಸ್ಕೇಲ್ ಇಟ್ಟು ಫೋಟೋ ತೆಗೆದೆ.
ದಪ್ಪ ಎಷ್ಟಿತ್ತು, ಎಷ್ಟು ಉಳಿದಿದೆ, ಬರೆದೆ.
ಲಗತ್ತು ಒಂದು.
ಫೋಟೋಕ್ಕೆ ಬಣ್ಣವಿದೆ, ಪುಡಿ ಇಲ್ಲ;
ಬಿಜಾಗರಿಯನ್ನೇ ಕೊರಿಯರಿಗೆ ಹಾಕಿದೆ.
"ಬೆಲೆ?" ಎಂದ ಕೌಂಟರಿನ ಹುಡುಗ.
ಶೂನ್ಯ ಬರೆಸಿದೆ.

ಐದನೆಯ ದಿನ, ರಾತ್ರಿ ಹನ್ನೊಂದೂ ನಲವತ್ತಕ್ಕೆ:
"ಲೇಪ ಬೇಕು. ಎಪಾಕ್ಸಿ. ಎರಡೂ ಯಂತ್ರಗಳಿಗೆ."
ಸಾಲು ಹಸಿರಾಯಿತು. ಮುಚ್ಚಲಾಗಿದೆ.
ಪ್ರತಿ ಯಾರಿಗೆಲ್ಲ ಎಂದು ಕೇಳಿತು ಪರದೆ.
ಒಂಬತ್ತು ಹೆಸರು ಹಾಕಿದೆ.
ಹತ್ತನೆಯದಕ್ಕೆ ಇಮೇಲ್ ವಿಳಾಸ ಇರಲಿಲ್ಲ.

ಬೆಳಿಗ್ಗೆ ಏಣಿಯ ಬುಡದಲ್ಲಿ ನಿಂತೆ.
"ದಾದ ಪಂಡೆರ್?"
"ಆವು ಪಂಡೆರ್."
ತಲೆಯಾಡಿಸಿ ಬೋಲ್ಟಿಗೆ ಇನ್ನೊಂದು ಸುತ್ತು ಕೊಟ್ಟರು,
ಆವು ಎನ್ನದೆ ಇನ್ನೇನು ಅಂದಾರು ಎಂಬ ಹಾಗೆ.

ಹೊರಟವಳನ್ನು ಕರೆದರು.
"ಮೇಡಂ, ಆ ಬಿಜಾಗರಿ ಯಾವಾಗ ಬರ್ತದೆ?
ಹೊಸತು ತರುವುದಕ್ಕೆ ಅಳತೆಗಾದರೂ ಬೇಕಿತ್ತು.
ಕಿಟಕಿಗೆ ತಂತಿ ಬಿಗಿದು ಇಟ್ಟಿದ್ದೇನೆ.
ಮಳೆ ಸೀದಾ ಮಂಚಕ್ಕೆ."

ಪುಣೆಯಲ್ಲಿ ಯಾರ ಮೇಜಿನ ಮೇಲೋ, ಬುಟ್ಟಿಯಲ್ಲೋ.
ಈ ಪ್ರಶ್ನೆಗೆ ಸಂಖ್ಯೆ ಇರಲಿಲ್ಲ,
ಅವರ ಮುಖದ ಎದುರು
ಗೊತ್ತಿಲ್ಲ ಎಂಬ ಮೂರನೆಯ ಚೌಕವೂ ಇರಲಿಲ್ಲ.

ಸಂಜೆ ಅಳತೆ ಟೇಪು ಕಿಸೆಗೆ ಹಾಕಿ
ಅವರ ಹಿಂದೆಯೇ ಮುಕ್ಕದ ಬಸ್ಸು ಹತ್ತಿದೆ.