ತೂತು ಹುಡುಕುವ ನೀರು

ಗುತ್ತಲು ರಸ್ತೆಯ ತಿರುವಿನಲ್ಲಿ ನನ್ನ ಪಂಕ್ಚರ್ ಅಂಗಡಿ.
ಗಾಳಿ ತುಂಬಿದ ಟ್ಯೂಬನ್ನು ಬಾನಿಯಲ್ಲಿ ಅದುಮಿ ಹಿಡಿದರೆ
ಗುಳ್ಳೆ ಎದ್ದ ಕಡೆ ತೂತು.
ಇಪ್ಪತ್ತೆರಡು ವರ್ಷದಿಂದ ನಾನು ಕಂಡ ನೀರು ಇಷ್ಟೇ,
ಕರ್ರಗೆ, ಮೇಲೊಂದು ಎಣ್ಣೆಯ ಪೊರೆ.

ಅಂಚು ಒಡೆದ ಹಳೆ ಬಾನಿ ಮೂಲೆಯಲ್ಲಿ ಬಿದ್ದಿತ್ತು.
ಕೆರಗೋಡಿನ ಜವರಪ್ಪ
ಕೂಲಿಗೆ ಹತ್ತು ರೂಪಾಯಿ ಸಾಲದೆ
ಒದ್ದೆ ಚೀಲದಿಂದ ಒಂದು ಗೆಡ್ಡೆ ತೆಗೆದುಕೊಟ್ಟ.
"ನೈದ್ಲೆ ಕನ. ಕೆರೆ ಹೂಳೆತ್ತುವಾಗ ಸಿಕ್ತು, ಮಡೀಕೊ."
ಕೆಸುವಿನ ಗೆಡ್ಡೆಯಂಥದ್ದು, ಮೈತುಂಬ ರೋಮ, ಗಬ್ಬು ನಾತ.
ಹತ್ತು ರೂಪಾಯಿಗೆ ಅದು ದುಬಾರಿಯೆನಿಸಿತು.

ಗೊಬ್ಬರದಂಗಡಿ ನಯಾಜ್ ಹೇಳಿಕೊಟ್ಟ:
ಹುಡಿಮಣ್ಣು ಬೇಡ, ತೇಲಿಬಿಡ್ತದೆ.
ಗದ್ದೆಯ ಜೇಡಿ ತಂದು ಚಟ್ಟಿಗೆ ಮೆತ್ತು,
ಮೊಳಕೆಯ ಮೂತಿ ಹೊರಗಿರಲಿ, ಕತ್ತು ಹೂಳಬೇಡ,
ಮೇಲೆ ಬೆರಳುದ್ದ ಮರಳು.
ನಲ್ಲಿ ನೀರಾದರೆ ಒಂದು ದಿನ ಬಿಸಿಲಿಗಿಟ್ಟು ಹುಯ್ಯಿ.
ಆಮೇಲೆ ಸುಮ್ಮನೆ ಕೂತ್ಕೊ. ಅದೇ ನಿಂಗೆ ಕಷ್ಟ.

ಕಷ್ಟವೇ ಆಯಿತು.
ಹತ್ತು ನಿಮಿಷದಲ್ಲಿ ಮುಗಿಯದ ಕೆಲಸ ಈ ಕೈಗೆ ಗೊತ್ತಿಲ್ಲ.
ಚಟ್ಟಿಯ ಕೆಳಗೆ ಮೂರು ಇಟ್ಟಿಗೆ;
ತೊಟ್ಟು ಉದ್ದವಾದ ಹಾಗೆ ಒಂದೊಂದೇ ಎಳೆದು ತೆಗೆದೆ.
ಮೊದಲ ಎಲೆ ಎಂಟಾಣೆ ಅಗಲ, ಕೆಂಚು, ಒಂದು ಕಡೆ ಸೀಳು.
ನೀರಿಗೇ ಯಾರೋ ಪ್ಯಾಚು ಹಾಕಿದಂತೆ
ಅಂಟಿಕೊಂಡು ಮಲಗಿತ್ತು.

ಹೇನು ಹತ್ತಿದಾಗ ಕಂಪ್ರೆಸರ್ ಗಾಳಿ ಬಿಟ್ಟೆ.
ಹೇನೂ ಹೋಯಿತು, ಎಲೆಯೂ ಹರಿಯಿತು.
ಆಮೇಲೆ ಬೆರಳಲ್ಲೇ ತೊಳೆದೆ,
ಗ್ರೀಸು ಹೋಗುವವರೆಗೆ ಮೊದಲು ಬೆರಳನ್ನು.
ಚಿಟಿಕೆ ಡಿಎಪಿ ಕಾಗದದಲ್ಲಿ ಸುತ್ತಿ ಕೆಸರಿಗೆ ಒತ್ತು ಅಂದಿದ್ದ;
ಹಿಡಿ ಒತ್ತಿದೆ.
ನೀರು ಬಸ್ಸಾರಿನಂತೆ ಹಸಿರಾಗಿ
ತಿಂಗಳು ಪೂರ್ತಿ ನನ್ನನ್ನು ನೋಡಲಿಲ್ಲ.

ಮಳೆ ಹಿಡಿದ ವಾರ ಟಾರ್ಚು ಹಿಡಿದು ಚಿಕ್ಕತಾಯಮ್ಮ ಬಂದಳು,
ಡೆಂಗಿ ಸರ್ವೆಯವಳು.
ಹಿಂದೆ ಪೇರಿಸಿದ ಟೈರುಗಳನ್ನೆಲ್ಲ ಬಗ್ಗಿಸಿ ಚೆಲ್ಲಿಸಿದಳು.
"ಇದನ್ನೂ ಚೆಲ್ಲಿ."
ನಾನು ಅಲ್ಲಾಡಲಿಲ್ಲ.
ಬಗ್ಗಿ ಬೆಳಕು ಬಿಟ್ಟಳು. ನಾಲ್ಕು ಗಪ್ಪಿ ಮೀನು,
ಎಲೆಯಡಿ ಒಂದು ಬಸವನಹುಳು, ಲಾರ್ವ ಒಂದೂ ಇಲ್ಲ.
ಬುಡದಲ್ಲಿ ಮುಷ್ಟಿ ಕಟ್ಟಿದ ಮೊಗ್ಗು
ನಾನು ನೋಡಿದ್ದೂ ಆಗಲೇ, ಅವಳ ಟಾರ್ಚಿನಲ್ಲಿ.
ಫಾರಮ್ಮಿನಲ್ಲಿ ಏನು ಬರೆದಳೋ.
"ಅರಳಿದರೆ ಫೋನ್ ಮಾಡಣ್ಣ" ಎಂದು ನಂಬರು ಕೊಟ್ಟು ಹೋದಳು.

ಬುಧವಾರ ಒಂಬತ್ತಕ್ಕೆ ಬಿಚ್ಚಿತು.
ಬಿಳಿ, ಬುಡಕ್ಕೆ ಹೋದಂತೆ ಹಲ್ಲುವಸಡಿನ ಗುಲಾಬಿ.
ಸಂಜೆ ನಾಲ್ಕಕ್ಕೆ ಬಾಗಿಲು ಹಾಕಿತು, ಬ್ಯಾಂಕಿನ ಹಾಗೆ.
ಮೂರು ದಿನ ಹೀಗೇ.
ಫೋನು ಮಾಡಲು ಮರೆತೆ ಅಂದರೆ ಸುಳ್ಳು,
ಮೂರು ದಿನ ನನಗೊಬ್ಬನಿಗೇ ಇರಲಿ ಅನಿಸಿತ್ತು.

ನಾಲ್ಕನೆಯ ದಿನ ಕತ್ತು ಬಾಗಿಸಿ ತಾನೇ ನೀರೊಳಗೆ ಇಳಿಯಿತು.
ಅವತ್ತೇ ಬಂದಳು ಚಿಕ್ಕತಾಯಮ್ಮ. "ಎಲ್ಲಣ್ಣ?"
ಬಾನಿಯೊಳಗೆ ಬೆರಳು ತೋರಿಸಿದೆ.
ಇಬ್ಬರೂ ಬಗ್ಗಿದೆವು.
ಹೂವು ಮುಳುಗಿದ ಕಡೆಯಿಂದ
ಒಂದೇ ಒಂದು ಗುಳ್ಳೆ ಎದ್ದಿತು.
ನನ್ನ ಕೈ ತಾನಾಗಿ
ಸೊಲ್ಯೂಷನ್ ಡಬ್ಬಿಯ ಕಡೆಗೆ ಹೋಯಿತು.