ಮೊದಲು ಚಿಪ್, ಆಮೇಲೆ ಚುಚ್ಚುಮದ್ದು

ಅನುಕ್ರಮ ಮುಖ್ಯ. ಇಪ್ಪತ್ತೊಂದು ವರ್ಷದಿಂದ
ನರಿತಾ ನಿಲ್ದಾಣದ ಈ ಕೌಂಟರಿನಲ್ಲಿ ಕೂತು
ಇದೊಂದನ್ನೇ ಹೇಳುತ್ತ ಬಂದಿದ್ದೇನೆ:
ಮೊದಲು ಚಿಪ್, ಅಕ್ಕಿಕಾಳಿನಷ್ಟು, ಹೆಗಲ ತೊಗಲಿನಡಿಗೆ.
ಆಮೇಲೆ ಚುಚ್ಚುಮದ್ದು. ತಿಂಗಳು ಬಿಟ್ಟು ಇನ್ನೊಂದು.
ಆಮೇಲೆ ರಕ್ತ. ರಕ್ತ ತೆಗೆದಂದಿನಿಂದ
ನೂರೆಂಬತ್ತು ದಿನ.
ಆಮೇಲಷ್ಟೇ ವಿಮಾನ.

ಕುರೊಇವಾ ತಮೋತ್ಸು, ಎಪ್ಪತ್ತಮೂರು,
ಉಲಾನ್‌ಬಾತರಿನಿಂದ ಇಳಿದವರು
ಕಾಗದಗಳನ್ನು ಒಂದೊಂದಾಗಿ ಸವರಿ ಹರವಿದರು.
ನಾಯಿ ಒಂದು, ಗಂಡು, ಹದಿಮೂರು ವರ್ಷ, ಹೆಸರು ಬಸಾರ್.
ಕುರಿಯುಣ್ಣೆಯ ಹಾಸು ಒಂದು, ಅದು ಮಲಗುವುದು.
ಹೆಂಡತಿಯ ಬೂದಿ, ಒಂದು ಡಬ್ಬಿ.

ಬೂದಿಗೆ ನಮ್ಮಲ್ಲಿ ಫಾರಂ ಇಲ್ಲ. ಹಾಗೇ ಬಿಟ್ಟೆ.
ಉಣ್ಣೆ ಪ್ರಾಣಿಜನ್ಯ. ಹಿಡಿದಿಟ್ಟು ರಸೀತಿ ಕೊಟ್ಟೆ.
ನಾಯಿಯ ಕಾಗದದಲ್ಲಿ
ಚುಚ್ಚುಮದ್ದು ಡಿಸೆಂಬರ್ ಎರಡು, ಚಿಪ್ ಹದಿಮೂರು.

ಚಿಪ್ಪು ಇರ್ಕುತ್ಸ್ಕಿನಿಂದ ರೈಲಲ್ಲಿ ಬರಬೇಕಿತ್ತು, ಅಂದರು.
ಹಿಮ ಬಿದ್ದು ಹನ್ನೊಂದು ದಿನ ತಡ.
ಆದರೆ ಅದೇ ನಾಯಿ, ಅಂದರು. ಅದೇ ಹೆಗಲು.

ಕಾನೂನು ಕೇಳುವುದೇ ಬೇರೆ:
ನಂಬರು ಬರುವ ಮೊದಲು ಸೂಜಿ ಹೊಕ್ಕದ್ದು
ಯಾವ ನಾಯಿಗೆ?
ಯಾವುದೋ ಒಂದಕ್ಕೆ. ಹೆಸರಿದ್ದರೇನು,
ಕರೆದರೆ ಓಡಿ ಬಂದರೇನು,
ಹದಿನೈದು ಅಂಕಿ ಇಲ್ಲದ್ದು ಲೆಕ್ಕದಲ್ಲಿ ಇನ್ನೂ ಹುಟ್ಟಿಲ್ಲ.
ಕಾನೂನಿಗೆ ಕಣ್ಣಿಲ್ಲ ಅನ್ನುತ್ತಾರೆ.
ಮೂಗಂತೂ ಇಲ್ಲವೇ ಇಲ್ಲ.

ಬೈದುಕೊಳ್ಳಿ ಬೇಕಾದರೆ. ಆದರೆ ನನ್ನಜ್ಜಿಯ ತಮ್ಮ,
ಒಂಬತ್ತರ ಹುಡುಗ, ಯುದ್ಧ ಮುಗಿದ ಮರುವರ್ಷ,
ಮೀನಂಗಡಿಯ ಹಿಂದೆ ನಾಯಿ ಕಚ್ಚಿ
ನಲವತ್ತನೆಯ ದಿನ
ಬಟ್ಟಲು ನೀರು ಕಂಡು ಕಿರುಚಿದನಂತೆ.
ಅಜ್ಜಿ ಸಾಯುವ ತನಕ
ಬಚ್ಚಲ ತೊಟ್ಟಿಗೂ ಮುಚ್ಚಳ ಹಾಕಿಯೇ ಮಲಗುತ್ತಿದ್ದಳು.
ಆ ರೋಗ ಈಗ ಈ ದ್ವೀಪಗಳಲ್ಲಿಲ್ಲ.
ಅದು ತಾನಾಗಿ ಹೋಗಲಿಲ್ಲ.

ಅರ್ಜಿಯಲ್ಲಿ ಎರಡು ಖಾಲಿ ಬಿಟ್ಟಿದ್ದರು.
ಬೆಲೆ, ಯೆನ್ನುಗಳಲ್ಲಿ. ಆಮದಿನ ಉದ್ದೇಶ.
ಬಹಳ ಹೊತ್ತು ಪೆನ್ನು ಹಿಡಿದೇ ಇದ್ದು
ಮೊದಲನೆಯದಕ್ಕೆ ಗೆರೆ ಎಳೆದರು.
ಎರಡನೆಯದರಲ್ಲಿ: 'ಜೊತೆಗೆ'.
ಅದು ಉದ್ದೇಶವಲ್ಲ ಎಂದು ಹೇಳಬೇಕಿತ್ತು ನಾನು.
ಮುದ್ರೆ ಒತ್ತಿದೆ.

ನೂರೆಂಬತ್ತು ದಿನ. ಹದಿಮೂರರ ನಾಯಿಗೆ
ಅದೆಷ್ಟಾಗುತ್ತದೆ ಎಂದು ಅವರು ಕೇಳಲಿಲ್ಲ.
ರಾತ್ರಿ ನಾನೇ ಲೆಕ್ಕ ಹಾಕಿ ಅಳಿಸಿದೆ.

ಮಂಗಳವಾರ ಮಂಗಳವಾರ ಬರುತ್ತಾರೆ,
ಎರಡು ರೈಲು ಬದಲಿಸಿ. ಹೊರಗಿನ ವಸ್ತು ಒಳಗೆ ಬಿಡುವಂತಿಲ್ಲ:
ತಿಂಡಿ, ಚೆಂಡು, ಬಟ್ಟೆ. ಬಿಳಿ ಗೌನು ತೊಟ್ಟು ಒಳಹೋಗಬೇಕು.
ತೊಡುತ್ತಾರೆ. ಮೂರನೆಯ ವಾರ ಕಂಡೆ,
ಗೌನಿನಡಿ, ಸೊಂಟಕ್ಕೆ ಮೂರು ಸುತ್ತು
ನೀಲಿ ರೇಷ್ಮೆಯ ನಡುಕಟ್ಟು, ಹೆಂಗಸರದು.
ಬಸಾರ್ ಮುಖ ನೋಡಲಿಲ್ಲ, ಕೈ ನೆಕ್ಕಲಿಲ್ಲ.
ನೇರ ಬಂದು
ಆ ನಡುವಿಗೆ ಮೂತಿ ಒತ್ತಿ ನಿಂತಿತು,
ಗೋಡೆಗೆ ಕಿವಿಗೊಟ್ಟವರ ಹಾಗೆ.
ಹದಿನೈದು ನಿಮಿಷ ನಿಯಮ. ಗಡಿಯಾರ ನನ್ನ ಬೆನ್ನ ಹಿಂದಿತ್ತು,
ತಿರುಗಲಿಲ್ಲ.

ಹೋಗುವಾಗ ಹೇಳಿದರು: ಅವಳ ನಾಡಲ್ಲಿ
ಬಂದವರು ಬಾಗಿಲು ತಟ್ಟುವುದಿಲ್ಲ.
ದೂರದಿಂದಲೇ ಕೂಗುತ್ತಾರೆ, 'ನಾಯಿ ಹಿಡಿಯಿರಿ!'
ಹಾಗೆಂದರೆ ನಮಸ್ಕಾರ. ಹಾಗೆಂದರೆ
ಯಾರಿದ್ದೀರಿ ಮನೆಯಲ್ಲಿ, ಒಳಗೆ ಬರಲೇ?

ಇವತ್ತು ತೊಂಬತ್ತೇಳನೆಯ ದಿನ. ಬಸಾರನ ಬಟ್ಟಲು
ಅರ್ಧ ಉಳಿದಿದೆ, ಹಾಗೆಂದೇ ಬರೆದಿದ್ದೇನೆ.
ರನ್‌ವೇ ಮೇಲೆ ಯಾವುದೋ ವಿಮಾನ ಇಳಿಯುತ್ತಿದೆ.
ಹಿಡಿದಿದ್ದೇನೆ, ತಮೋತ್ಸು ಅವರೇ.
ಹಿಡಿದುಕೊಂಡೇ ಇದ್ದೇನೆ.